ಆಣೆ ಹಾಕಿಸಿದವರು, ಆಣೆ ಬಿಡಿಸಿದವರು

1990ರ ದಶಕದ ಇಟಲಿ. ಟ್ಯೂರಿನ್, ರೋಮ್, ನೇಪಲ್ಸ್ ನಗರಗಳ ಹೊರವಲಯದ ರಸ್ತೆಗಳಲ್ಲಿ ರಾತ್ರಿ ಹೊತ್ತು ನೈಜೀರಿಯಾದ ಹುಡುಗಿಯರು ನಿಂತಿರುತ್ತಿದ್ದರು. ಅವರ ಕಾಲಿಗೆ ಸರಪಳಿ ಇರಲಿಲ್ಲ. ಎಷ್ಟೋ ಕಡೆ ಕಾವಲಿಗೆ ಗಂಡಸರೂ ಇರುತ್ತಿರಲಿಲ್ಲ. ಗಳಿಸಿದ್ದನ್ನು ಬೆಳಗಾಗುವುದರೊಳಗೆ ತಾವೇ ತಂದು 'ಮೇಡಂ' ಎಂದು ಕರೆಸಿಕೊಳ್ಳುವ ಹೆಂಗಸಿನ ಕೈಗೆ ಒಪ್ಪಿಸುತ್ತಿದ್ದರು. ಆ ಮೇಡಂ ಕೂಡ ಬಹಳ ಸಲ ಅವರದೇ ಊರಿನವಳು, ಒಂದು ಕಾಲಕ್ಕೆ ಅದೇ ರಸ್ತೆಯಲ್ಲಿ ನಿಂತವಳು. ಪೊಲೀಸರು ಹಿಡಿದು ಕೂರಿಸಿ ಕೇಳಿದರೆ ಹುಡುಗಿಯರು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟುಕಳಿಸಿದರೆ ಮತ್ತೆ ಅದೇ ರಸ್ತೆಗೆ ಹೋಗಿ ನಿಲ್ಲುತ್ತಿದ್ದರು. ಅವರನ್ನು ಕಟ್ಟಿಹಾಕಿದ್ದ ಹಗ್ಗ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ.

ಆ ಹಗ್ಗದ ಇನ್ನೊಂದು ತುದಿ ಇದ್ದದ್ದು ನೈಜೀರಿಯಾದ ದಕ್ಷಿಣ ಭಾಗದ ಎಡೋ ರಾಜ್ಯದಲ್ಲಿ, ಅದರ ರಾಜಧಾನಿ ಬೆನಿನ್ ಸಿಟಿಯಲ್ಲಿ. ಯುರೋಪಿನ ವೇಶ್ಯಾವಾಟಿಕೆಗೆ ಸಾಗಿಸಲಾದ ನೈಜೀರಿಯಾದ ಹೆಂಗಸರಲ್ಲಿ ಬಹುಪಾಲು ಜನ ಈ ಒಂದೇ ರಾಜ್ಯದವರು. 1986ರಲ್ಲಿ ಅಲ್ಲಿನ ನಾಣ್ಯ ನೈರಾದ ಬೆಲೆ ಕುಸಿದು, ಸಂಬಳಕ್ಕೆ ಕಿಮ್ಮತ್ತಿಲ್ಲದಂತಾಗಿ, ಮನೆಮನೆಯಲ್ಲೂ ಯಾರಾದರೊಬ್ಬರು ಹೊರಗೆ ಹೋಗಿ ದುಡಿಯಲೇಬೇಕಾದ ಕಾಲ ಬಂತು. ಬಟ್ಟೆ, ಚಿನ್ನದ ವ್ಯಾಪಾರಕ್ಕೆಂದು ಇಟಲಿಗೆ ಹೋಗಿಬರುತ್ತಿದ್ದ ಹೆಂಗಸರು ಮೊದಲು ದಾರಿ ತೋರಿಸಿದರು. ಆಮೇಲೆ ಅದೇ ಒಂದು ವ್ಯವಹಾರವಾಗಿ ಬೆಳೆಯಿತು. ಹೇರ್‌ಡ್ರೆಸ್ಸರ್ ಕೆಲಸ, ಮನೆಗೆಲಸ, ಅಂಗಡಿಯ ಕೆಲಸ ಎಂದು ಹೇಳಿ ಹುಡುಗಿಯರನ್ನು ಕರೆದೊಯ್ಯುತ್ತಿದ್ದರು. ಪ್ರಯಾಣದ ಸಾಲ ಇಷ್ಟು ಎಂದು ಒಂದು ಅಂಕಿ ಹೇಳುತ್ತಿದ್ದರು, 30,000 ಎಂದೋ 50,000 ಎಂದೋ. ಅದು ನೈರಾ ಅಲ್ಲ, ಯೂರೋ ಎಂಬುದು ಎಷ್ಟೋ ಹುಡುಗಿಯರಿಗೆ ತಿಳಿಯುತ್ತಿದ್ದದ್ದು ಅಲ್ಲಿಗೆ ಹೋಗಿ ಇಳಿದ ಮೇಲೆ.

ಹೊರಡುವ ಮೊದಲು ಒಂದು ಶಾಸ್ತ್ರ ನಡೆಯುತ್ತಿತ್ತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಕತೆಯ ಜೀವ ಇರುವುದು ಅಲ್ಲಿ. ಹುಡುಗಿಯನ್ನು ಒಂದು ಗುಡಿಗೆ ಕರೆದೊಯ್ಯುತ್ತಾರೆ. ಬಹಳ ಸಲ ಅದು ಅಯೆಲಾಲಾ ಎಂಬ ದೇವತೆಯ ಗುಡಿ. ಕಳ್ಳತನ, ಮೋಸ, ಸುಳ್ಳು ಸಾಕ್ಷಿ ಇಂಥವನ್ನೆಲ್ಲ ಹಿಡಿದು ಶಿಕ್ಷಿಸುವ ನ್ಯಾಯದ ದೇವತೆ ಅವಳು. ಪೂಜಾರಿ ಹುಡುಗಿಯ ತಲೆಗೂದಲಿನ ಒಂದು ಎಳೆ, ಉಗುರಿನ ಚೂರು, ಒಳಉಡುಪಿನ ತುಂಡು, ಕೆಲವೊಮ್ಮೆ ಮುಟ್ಟಿನ ರಕ್ತ ಹತ್ತಿದ ಬಟ್ಟೆ ತೆಗೆದುಕೊಂಡು ಕಟ್ಟು ಕಟ್ಟುತ್ತಾನೆ. ಕೋಳಿ ಕೊಯ್ಯುತ್ತಾರೆ. ಅದರ ಹಸಿ ಗುಂಡಿಗೆಯನ್ನು ಅವಳು ನುಂಗಬೇಕು. ಕೋಲಾ ಕಾಯಿ ಅಗಿದು ಮದ್ಯ ಕುಡಿಯಬೇಕು. ಆಮೇಲೆ ಅವಳ ಬಾಯಿಂದಲೇ ಮಾತು ಹೊರಡಬೇಕು: ಸಾಲ ಪೂರ್ತಿ ತೀರಿಸುತ್ತೇನೆ, ಓಡಿಹೋಗುವುದಿಲ್ಲ, ಯಾರ ಹೆಸರನ್ನೂ ಪೊಲೀಸರಿಗೆ ಹೇಳುವುದಿಲ್ಲ, ತಪ್ಪಿದರೆ ನನಗೆ ಹುಚ್ಚು ಹಿಡಿಯಲಿ, ನನ್ನ ತಾಯಿ ಸಾಯಲಿ. ಕಟ್ಟು ಗುಡಿಯಲ್ಲೇ ಉಳಿಯುತ್ತದೆ. ಹುಡುಗಿ ಸಹಾರಾ ಮರುಭೂಮಿ ದಾಟಿ, ಲಿಬಿಯಾದ ಸೆರೆಮನೆಗಳಲ್ಲಿ ಸಿಕ್ಕಿ ಹೊರಬಂದು, ರಬ್ಬರಿನ ದೋಣಿಯಲ್ಲಿ ಮೆಡಿಟರೇನಿಯನ್ ದಾಟಿ ಸಿಸಿಲಿಯ ದಡ ಮುಟ್ಟಿದರೂ ಅವಳ ಮೈಯ ಒಂದು ಭಾಗ ಬೆನಿನ್ ಸಿಟಿಯ ಪೂಜಾರಿಯ ವಶದಲ್ಲೇ ಇರುತ್ತದೆ.

ಇದನ್ನು ಓದಿ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಯುರೋಪಿನ ಎಷ್ಟೋ ಪತ್ರಕರ್ತರು ಹಾಗೆಯೇ ಬರೆದರು. ನಮ್ಮ ನಾಡಿನವರಿಗೆ ಇದು ಅಷ್ಟೇನೂ ಅಪರಿಚಿತವಾಗಬಾರದು ಎಂದು ನನಗನ್ನಿಸುತ್ತದೆ. ಕೋರ್ಟಿನ ಕಟಕಟೆಯಲ್ಲಿ ನಿಂತು ಸಲೀಸಾಗಿ ಸುಳ್ಳು ಹೇಳುವ ಮನುಷ್ಯನೂ 'ಧರ್ಮಸ್ಥಳಕ್ಕೆ ಬಂದು ಆಣೆ ಮಾಡುತ್ತೀಯಾ?' ಎಂದು ಕೇಳಿದರೆ ತಡವರಿಸುತ್ತಾನೆ. ಮುಖ್ಯಮಂತ್ರಿಗಳಾಗಿದ್ದವರು, ಆಗಿ ಇಳಿದವರು ಪರಸ್ಪರ ಆರೋಪಗಳ ವಿಷಯದಲ್ಲಿ ಮಂಜುನಾಥನ ಸನ್ನಿಧಿಗೆ ಹೋದದ್ದನ್ನು 2011ರಲ್ಲಿ ನಾವೆಲ್ಲ ಟಿವಿಯಲ್ಲಿ ನೋಡಿದೆವು. ಬೆನಿನ್ ಸಿಟಿಯಲ್ಲೂ ಜನ ಅಯೆಲಾಲಾಳ ಬಳಿ ಹೋಗುವುದು ಕೋರ್ಟು, ಪೊಲೀಸರ ಮೇಲೆ ನಂಬಿಕೆ ಕಡಿಮೆಯಾಗಿರುವುದರಿಂದ. ಆ ದೇವತೆ ಲಂಚ ತಿನ್ನುವುದಿಲ್ಲ, ವಾಯಿದೆ ಹಾಕುವುದಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದು ಎಂಬ ಒಳ್ಳೆಯ ನಡತೆಯನ್ನೇ ಹುಡುಗಿಯರನ್ನು ಮಾರಾಟಕ್ಕೆ ಸಾಗಿಸುವ ಸಾಗಾಣಿಕೆದಾರರು ಹಿಡಿದುಕೊಂಡು ಅದರಿಂದಲೇ ಹುಡುಗಿಯ ಕುತ್ತಿಗೆಗೆ ಉರುಳು ಹಾಕಿದರು. ನನ್ನ ಹೊಟ್ಟೆ ಉರಿಯುವುದು ಅಲ್ಲಿ. ಸುಳ್ಳುಗಾರ್ತಿಗೆ ಈ ಆಣೆ ಏನೂ ಮಾಡಲಾರದು. ಅದಕ್ಕೆ ಬಲಿಯಾಗುವವಳು ಮಾತಿಗೆ ಬೆಲೆ ಕೊಡುವವಳೇ.

ಹಾಗಾದರೆ ಇದನ್ನು ಬಿಡಿಸುವವರು ಯಾರು?

ಮೊದಲು ಮುಂದೆ ಬಂದವರು ಕ್ಯಾಥೊಲಿಕ್ ಸನ್ಯಾಸಿನಿಯರು. ಯುಜೀನಿಯಾ ಬೊನೆತ್ತಿ ಎಂಬ ಇಟಲಿಯ ಸಿಸ್ಟರ್ ಕೆನ್ಯಾದಲ್ಲಿ 24 ವರ್ಷ ಕೆಲಸ ಮಾಡಿ ಮರಳಿ ಬಂದಿದ್ದರು. 1993ರಲ್ಲಿ ಟ್ಯೂರಿನ್‌ನ ಒಂದು ಸೇವಾಕೇಂದ್ರದಲ್ಲಿದ್ದಾಗ ನೈಜೀರಿಯಾದ ಒಬ್ಬ ಹೆಂಗಸು ಅವರ ಬಳಿ ಬಂದಳು. ಬೀದಿಯಲ್ಲಿ ನಿಲ್ಲುವವಳು, ಕಾಯಿಲೆಯವಳು, ಕೈಯಲ್ಲಿ ಕಾಗದಪತ್ರ ಏನೂ ಇಲ್ಲ. ಸಿಸ್ಟರ್ ಆಗ ಚರ್ಚಿಗೆ ಹೊರಟಿದ್ದರು. ಇವಳೂ ಹಿಂದೆಯೇ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಅಳತೊಡಗಿದಳು. ಬೊನೆತ್ತಿಯವರು ಈ ಪ್ರಸಂಗವನ್ನು ಮುಂದೆ ಅನೇಕ ಕಡೆ ಹೇಳಿಕೊಂಡಿದ್ದಾರೆ, ಮೊದಲು ತಮಗೆ ಅವಳ ಜೊತೆ ಇರುವುದೇ ಮುಜುಗರವಾಗಿತ್ತು ಎಂಬುದನ್ನೂ ಸೇರಿಸಿ. ಅಲ್ಲಿಂದ ಮುಂದೆ ಅವರ ಬದುಕೆಲ್ಲ ಇದೇ ಕೆಲಸಕ್ಕೆ ಹೋಯಿತು.

ಅವರು ಮತ್ತು ಅವರ ಜೊತೆಯ ಸಿಸ್ಟರುಗಳು ಮಾಡಿದ್ದನ್ನು ನೋಡಿದರೆ ಅದರಲ್ಲಿ ಉಪದೇಶ ಕಡಿಮೆ, ಓಡಾಟ ಹೆಚ್ಚು. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಭಾಷೆ ಕಲಿಸುವುದು, ರಾಯಭಾರ ಕಚೇರಿಯ ಬಾಗಿಲು ತಟ್ಟಿ ಪಾಸ್‌ಪೋರ್ಟ್ ಮಾಡಿಸುವುದು. ಹೆಸರೇ ಇಲ್ಲದ ಹುಡುಗಿಗೆ ಪಾಸ್‌ಪೋರ್ಟ್ ಎಂದರೆ ಏನು ಎಂಬುದು ಅದು ಕೈಯಲ್ಲಿರುವವರಿಗೆ ಗೊತ್ತಾಗುವುದಿಲ್ಲ. ಕಾನ್ವೆಂಟುಗಳಲ್ಲಿ ವಯಸ್ಸಾದ ಸಿಸ್ಟರುಗಳಷ್ಟೇ ಉಳಿದು ಕೋಣೆಗಳು ಖಾಲಿ ಬಿದ್ದಿದ್ದ ಕಾಲ ಅದು. ದೇಶದ ಹತ್ತಾರು ಕಡೆ ಆ ಕೋಣೆಗಳು ಈ ಹುಡುಗಿಯರ ಆಶ್ರಯವಾದವು. ನೇಪಲ್ಸ್ ಬಳಿಯ ಕಸೆರ್ತಾದಲ್ಲಿ ಸಿಸ್ಟರ್ ರೀತಾ ಜರೆತ್ತಾ ಮತ್ತು ಅವರ ಸಂಗಡದ ಉರ್ಸುಲೀನ್ ಎಂಬ ಸನ್ಯಾಸಿನಿ ಸಭೆಯ ಸಿಸ್ಟರುಗಳು 1995ರಲ್ಲಿ 'ಕಾಸಾ ರೂತ್' ಎಂಬ ಮನೆ ತೆರೆದರು. ಮಾರ್ಚ್ 8ರ ಮಹಿಳಾ ದಿನದಂದು ಬೀದಿಯಲ್ಲಿ ನಿಂತ ಹುಡುಗಿಯರ ಬಳಿಗೆ ಹೂವು ಹಿಡಿದು ಹೋದರು. ಕಾಸು ಕೊಟ್ಟು ಏನಾದರೂ ಕೇಳುವವರನ್ನಷ್ಟೇ ಕಂಡಿದ್ದವರ ಮುಂದೆ ಏನನ್ನೂ ಕೇಳದೆ ಬಂದು ನಿಂತರು. ಆ ಮನೆಗೆ ಬಂದವರಿಗೆ ಹೊಲಿಗೆ ಕಲಿಸಿ, ಮುಂದೆ ಅದನ್ನೇ ಒಂದು ಸಹಕಾರ ಸಂಘವಾಗಿ ಬೆಳೆಸಿದರು.

1998ರಲ್ಲಿ ಇಟಲಿಯ ವಲಸೆ ಕಾನೂನಿಗೆ 18ನೆಯ ವಿಧಿ ಬಂತು. ಸಾಗಾಣಿಕೆಗೆ ಬಲಿಯಾದವರಿಗೆ ದೇಶದಲ್ಲಿ ಉಳಿಯಲು ಅನುಮತಿ ಕೊಡುವ ವಿಧಿ ಅದು. ಅದರ ದೊಡ್ಡ ಗುಣವೆಂದರೆ, ಹುಡುಗಿ ಪೊಲೀಸರಿಗೆ ದೂರು ಕೊಡದೆ ಇದ್ದರೂ ಸಾಮಾಜಿಕ ರಕ್ಷಣೆಯ ದಾರಿಯಿಂದ ಅನುಮತಿ ಪಡೆಯಬಹುದಿತ್ತು. ಆಣೆಯ ವಿಷಯ ತಿಳಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮೇಡಂ ಹೆಸರು ಹೇಳಿದರೆ ಮಾತ್ರ ಕಾಪಾಡುತ್ತೇವೆ ಎಂಬ ಕಾನೂನು, 'ನಿನ್ನ ತಾಯಿಯ ಪ್ರಾಣ ಪಣಕ್ಕಿಡು, ಆಮೇಲೆ ನೋಡೋಣ' ಎಂದು ಹೇಳಿದಂತೆ ಅವಳ ಕಿವಿಗೆ ಕೇಳಿಸುತ್ತದೆ. ನಮ್ಮ ದೇಶದಲ್ಲಿ ದಾಳಿ ಮಾಡಿ, ಬಿಡಿಸಿ, ಮರುದಿನವೇ ಹೇಳಿಕೆ ಬರೆಸಿಕೊಳ್ಳಲು ಅವಸರಪಡುವ ಎಲ್ಲರೂ ಈ ಒಂದು ವಿಧಿಯನ್ನು ಓದಬೇಕು.

ಬೊನೆತ್ತಿಯವರು ರೋಮ್ ಬಳಿಯ ಪೊಂತೆ ಗಲೇರಿಯಾದಲ್ಲಿ ಕಾಗದಪತ್ರವಿಲ್ಲದ ವಲಸಿಗರನ್ನು ಇಡುವ ಬಂಧನ ಕೇಂದ್ರಕ್ಕೆ ವರ್ಷಗಟ್ಟಲೆ ಪ್ರತಿ ಶನಿವಾರ ಬೇರೆ ಬೇರೆ ಸಭೆಗಳ ಸಿಸ್ಟರುಗಳೊಂದಿಗೆ ಹೋದರು. 2019ರ ಶುಭ ಶುಕ್ರವಾರ ರೋಮಿನ ಕೊಲೋಸಿಯಂನಲ್ಲಿ ಪೋಪ್ ಫ್ರಾನ್ಸಿಸ್ ಮುನ್ನಡೆಸಿದ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಧ್ಯಾನಗಳನ್ನು ಬರೆದುಕೊಟ್ಟವರು ಅವರೇ. ಗಿರಾಕಿಗಳ ಬಗ್ಗೆ ಮೌನ ವಹಿಸದೆ ಮಾತಾಡಿದರು ಎಂಬುದಕ್ಕೆ ನನಗೆ ಅವರ ಮೇಲೆ ವಿಶೇಷ ಗೌರವ. ಕೊಳ್ಳುವವನಿಲ್ಲದೆ ಮಾರುವವನಿಲ್ಲ. ಕೊಳ್ಳುವವರು ಭಾನುವಾರ ಚರ್ಚಿಗೆ ಬರುವ, ಹೆಂಡತಿ ಮಕ್ಕಳಿರುವ ಗೃಹಸ್ಥರು.

ಇನ್ನೊಂದು ತುದಿಯಲ್ಲಿ, ನೈಜೀರಿಯಾದ ಸಿಸ್ಟರುಗಳೇ 1999ರಲ್ಲಿ ಹೆಣ್ಣಿನ ಘನತೆಗಾಗಿ ಒಂದು ಸಮಿತಿ ಕಟ್ಟಿ ಬೆನಿನ್ ಸಿಟಿಯಲ್ಲಿ ಕೆಲಸ ಶುರು ಮಾಡಿದರು. ವಾಪಸು ಬಂದ ಹುಡುಗಿಯರನ್ನು ಬರಮಾಡಿಕೊಳ್ಳುವುದು, ಇನ್ನೂ ಹೋಗದವರಿಗೆ ಶಾಲೆಗಳಲ್ಲಿ, ಮಾರುಕಟ್ಟೆಗಳಲ್ಲಿ ನಿಜ ತಿಳಿಸುವುದು. 2009ರಲ್ಲಿ ಜಗತ್ತಿನ ಬೇರೆ ಬೇರೆ ದೇಶಗಳ ಇಂಥ ಸಿಸ್ಟರುಗಳ ಕೂಟಗಳೆಲ್ಲ 'ತಲಿತಾ ಕುಮ್' ಎಂಬ ಒಂದು ಜಾಲವಾದವು. ಭಾರತದಲ್ಲೂ ಅದರ ಭಾಗವಾದ ಸಿಸ್ಟರುಗಳಿದ್ದಾರೆ. 2014ರ ಡಿಸೆಂಬರ್ 2ರಂದು ವ್ಯಾಟಿಕನ್‌ನಲ್ಲಿ ಪೋಪರು, ಆಂಗ್ಲಿಕನ್ ಆರ್ಚ್‌ಬಿಷಪ್, ಯಹೂದಿ, ಮುಸ್ಲಿಂ, ಬೌದ್ಧ ಮುಖಂಡರು ಮತ್ತು ಕೇರಳದ ಮಾತಾ ಅಮೃತಾನಂದಮಯಿ ಒಟ್ಟಿಗೆ ಕುಳಿತು ಆಧುನಿಕ ಗುಲಾಮಗಿರಿಯ ವಿರುದ್ಧ ಘೋಷಣೆಗೆ ಸಹಿ ಹಾಕಿದರು. ಒಳ್ಳೆಯದೇ. ಆದರೂ ಘೋಷಣೆಗಿಂತ ಆ ಪಾಸ್‌ಪೋರ್ಟಿನ ಸಾಲಿನಲ್ಲಿ ನಿಂತ ಸಿಸ್ಟರ್ ನನಗೆ ದೊಡ್ಡವಳಾಗಿ ಕಾಣುತ್ತಾಳೆ.

ಇಷ್ಟೆಲ್ಲ ಆದರೂ ಆಣೆಯ ಕಟ್ಟು ಹಾಗೆಯೇ ಇತ್ತು. ಹುಡುಗಿ ಕಾನ್ವೆಂಟಿನಲ್ಲಿ ಊಟ ಮಾಡಿ ಮಲಗಿದರೂ ರಾತ್ರಿ ಬೆಚ್ಚಿ ಏಳುತ್ತಿದ್ದಳು. ಊರಿನಿಂದ ತಾಯಿಗೆ ಜ್ವರ ಎಂದು ಫೋನ್ ಬಂದರೆ ಸಾಕು, ಗಂಟು ಕಟ್ಟಿಕೊಂಡು ಮೇಡಂ ಮನೆಗೆ ಮರಳುತ್ತಿದ್ದವರಿದ್ದರು. ಬಿಳಿಯ ಸಿಸ್ಟರ್ 'ಅದೆಲ್ಲ ಸುಳ್ಳು, ಹೆದರಬೇಡ' ಎಂದರೆ ಅವಳಿಗೆ ಹೇಗೆ ಧೈರ್ಯ ಬರಬೇಕು? ಆ ದೇವತೆಯ ಮೇಲೆ ಸಿಸ್ಟರಿಗೆ ಯಾವ ಅಧಿಕಾರವಿದೆ? ಸಂಖ್ಯೆಗಳೂ ಏರುತ್ತಲೇ ಇದ್ದವು. 2014ರಲ್ಲಿ ಸಮುದ್ರದಿಂದ ಇಟಲಿಗೆ ಬಂದಿಳಿದ ನೈಜೀರಿಯಾದ ಹೆಂಗಸರು ಸುಮಾರು 1,500. 2016ರಲ್ಲಿ ಸುಮಾರು 11,000. ಅವರಲ್ಲಿ ನೂರಕ್ಕೆ 80 ಜನ ಸಾಗಾಣಿಕೆಯ ಬಲಿಗಳಿರಬಹುದು ಎಂದು ಅಂತಾರಾಷ್ಟ್ರೀಯ ವಲಸೆ ಸಂಸ್ಥೆ ಅಂದಾಜು ಮಾಡಿತು.

ಆಗ ಬೆನಿನ್ ಸಿಟಿಯ ಅರಮನೆಯಿಂದ ಒಂದು ಮಾತು ಹೊರಟಿತು. ಅಲ್ಲಿನ ರಾಜನನ್ನು ಓಬಾ ಎನ್ನುತ್ತಾರೆ. ಸರ್ಕಾರಿ ಅಧಿಕಾರ ಅವರಿಗಿಲ್ಲ, ಆದರೆ ಎಡೋ ಜನರ ನಂಬಿಕೆಯಲ್ಲಿ ಎಲ್ಲ ಪೂಜಾರಿಗಳಿಗಿಂತ ಮೇಲಿನ ಸ್ಥಾನ ಅವರದು. 2016ರ ಅಕ್ಟೋಬರ್‌ನಲ್ಲಿ ಪಟ್ಟಕ್ಕೆ ಬಂದ ಓಬಾ ಎರಡನೆಯ ಎವಾರೆ ಅದಕ್ಕೂ ಮೊದಲು ಇಟಲಿಯಲ್ಲೇ ನೈಜೀರಿಯಾದ ರಾಯಭಾರಿಯಾಗಿದ್ದವರು. 2018ರ ಮಾರ್ಚ್ 9ರಂದು ಅವರು ಊರಿನ ದೇವತೆಗಳ ಪೂಜಾರಿಗಳನ್ನೂ ನಾಟಿ ವೈದ್ಯರನ್ನೂ ಅರಮನೆಗೆ ಕರೆಸಿ, ಹುಡುಗಿಯರ ಮೇಲೆ ಹಾಕಿಸಿದ ಆಣೆಗಳೆಲ್ಲ ಈ ಕ್ಷಣದಿಂದ ಬಿಟ್ಟುಹೋದವು, ಇನ್ನು ಮುಂದೆ ಅಂಥ ಆಣೆ ಹಾಕಿಸುವವರಿಗೂ ಹಾಕುವ ಪೂಜಾರಿಗಳಿಗೂ ಶಾಪ ತಟ್ಟಲಿ ಎಂದು ದೇವತೆಗಳನ್ನು ಕರೆದು ಸಾರಿದರು. ಯಾವ ಬಾಯಿಗೆ ಕಟ್ಟುವ ಶಕ್ತಿ ಇದೆ ಎಂದು ಜನ ನಂಬಿದ್ದರೋ ಅದೇ ಬಾಯಿ ಬಿಡಿಸಿತು.

ಸುದ್ದಿ ಮೊಬೈಲ್‌ಗಳ ಮೇಲೆ ಇಟಲಿಗೂ ಫ್ರಾನ್ಸಿಗೂ ಹಾರಿತು. ಸಾಲ ಕಟ್ಟುವುದನ್ನು ನಿಲ್ಲಿಸಿದವರು, ಮನೆ ಬಿಟ್ಟು ಹೊರನಡೆದವರು, ಮೊದಲ ಬಾರಿಗೆ ಮೇಡಂ ಹೆಸರನ್ನು ಬಾಯಿಬಿಟ್ಟು ಹೇಳಿದವರು ಇದ್ದರು. ಕಾನೂನು ಎಷ್ಟೋ ವರ್ಷ ಮಾಡಲಾಗದ್ದನ್ನು ಒಂದು ದಿನದ ಮಾತು ಮಾಡಿತು ಎಂದು ಆ ಕ್ಷೇತ್ರದಲ್ಲಿದ್ದವರು ಬೆರಗಾದರು.

ಅದರ ಮುಂದಿನದನ್ನೂ ಹೇಳಲೇಬೇಕು. ಸಾಗಾಣಿಕೆದಾರರು ಸುಮ್ಮನೆ ಕೂರಲಿಲ್ಲ. ಓಬಾರ ಮಾತು ನಡೆಯದ ಪಕ್ಕದ ಡೆಲ್ಟಾ ರಾಜ್ಯದ ಕಡೆಗೆ ಹುಡುಗಿಯರನ್ನು ಕರೆದೊಯ್ದು ಅಲ್ಲಿನ ಗುಡಿಗಳಲ್ಲಿ ಆಣೆ ಹಾಕಿಸತೊಡಗಿದರು. ಊರಿನಲ್ಲಿದ್ದ ತಂದೆತಾಯಿಯರನ್ನು ಗೂಂಡಾಗಳಿಂದ ಬೆದರಿಸಿದರು. ಇಟಲಿಗೆ ಬರುವವರ ಸಂಖ್ಯೆ ಇಳಿದದ್ದು ನಿಜ, ಆದರೆ ಅದಕ್ಕೆ ವಲಸಿಗರ ದೋಣಿಗಳನ್ನು ತಡೆಯಲು 2017ರಲ್ಲಿ ಇಟಲಿ ಮತ್ತು ಲಿಬಿಯಾ ಮಾಡಿಕೊಂಡ ಒಪ್ಪಂದವೂ ಕಾರಣ, ಮತ್ತು ಅದರಿಂದಾಗಿ ಸಾವಿರಾರು ಜನ ಲಿಬಿಯಾದ ನರಕದಲ್ಲೇ ಸಿಕ್ಕಿಬಿದ್ದರು. ಪೆಂಟೆಕೋಸ್ಟಲ್ ಎಂಬ ಕ್ರೈಸ್ತ ಪಂಗಡದ ಕೆಲವು ಪಾಸ್ಟರುಗಳಂತೂ ಹೊರಡುವ ಹುಡುಗಿಯರ ತಲೆ ಮೇಲೆ ಕೈಯಿಟ್ಟು ಪ್ರಯಾಣಕ್ಕೆ ಪ್ರಾರ್ಥಿಸಿದರು, ಸಾಲ ತೀರಿಸುವುದು ಧರ್ಮ ಎಂದು ಬುದ್ಧಿ ಹೇಳಿದರು. ಧಾರ್ಮಿಕರು ಅಂದಕೂಡಲೇ ಒಂದೇ ಕಡೆ ನಿಂತವರಲ್ಲ. ಗುಡಿಯಲ್ಲಿ ಕಟ್ಟಿದವನೂ ಧಾರ್ಮಿಕ, ಅರಮನೆಯಲ್ಲಿ ಬಿಡಿಸಿದವರೂ ಧಾರ್ಮಿಕರು.

ನಾನು ಬೆಳಗಾವಿ ಜಿಲ್ಲೆಯವಳು. ಬೆನಿನ್ ಸಿಟಿಯ ಈ ಕತೆ ನನ್ನನ್ನು ಇಷ್ಟು ಹಿಡಿದುಕೊಳ್ಳಲು ಅದೇ ಕಾರಣ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಅವ್ವನ ಜೊತೆ ಹೋಗಿ ಬೆಳೆದವಳು ನಾನು. ಭಂಡಾರ ಎರಚಿ 'ಉಧೋ ಉಧೋ' ಎಂದು ಕೂಗುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅದೇ ತಾಯಿಯ ಹೆಸರಿನಲ್ಲಿ ಕೆಂಪು ಬಿಳಿ ಮಣಿಯ ಸರ ಕೊರಳಿಗೆ ಹಾಕಿ, ಮುತ್ತು ಕಟ್ಟಿ, ಬಹುಪಾಲು ದಲಿತ ಮನೆಗಳ ಹುಡುಗಿಯರನ್ನು ದೇವದಾಸಿಯರನ್ನಾಗಿ ಮಾಡಿದರು. ಮುತ್ತು ಕಟ್ಟಿದವಳು ಮದುವೆಯಾಗುವಂತಿಲ್ಲ. ಊರಿನ ಉಳ್ಳವರ ಕಣ್ಣು ಮೊದಲು ಬೀಳುತ್ತದೆ. ಆಮೇಲೆ ದಲ್ಲಾಳಿ ಬರುತ್ತಾನೆ. ನಮ್ಮ ಭಾಗದ ಎಷ್ಟು ಹುಡುಗಿಯರು ಸಾಂಗಲಿ, ಪುಣೆ, ಮುಂಬೈನ ಕಾಮಾಟಿಪುರದ ದಾರಿ ಹಿಡಿದರು ಎಂಬುದು ಇಲ್ಲಿನ ಹಳೆಯ ಓಣಿಗಳಿಗೆ ಗೊತ್ತು. 1982ರಲ್ಲಿ ರಾಜ್ಯ ಕಾನೂನು ಮಾಡಿತು. ಮುತ್ತು ಕಟ್ಟಿಸುವ ತಂದೆತಾಯಿಗೂ ಜೈಲು ಎಂದಿತು, ಮುತ್ತು ಕಟ್ಟಿಸಿಕೊಂಡವಳು ಮಾಡಿಕೊಂಡ ಮದುವೆ ಊರ್ಜಿತ ಎಂದೂ ಹೇಳಿತು. 1993-94ರ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಸಿಕ್ಕರು. 2007-08ರಲ್ಲಿ ಮತ್ತೆ ಹುಡುಕಿದಾಗ ಇನ್ನೂ 23,787 ಹೆಸರುಗಳು ಸೇರಿದವು.

ಕಾನೂನು ಬಿಡುಗಡೆ ಮಾಡಿದ ಮೇಲೂ ಕೊರಳಿನ ಸರ ತೆಗೆಯಲು ಕೈ ನಡುಗುತ್ತದೆ. ಅದನ್ನು ನಾನು ಕಣ್ಣಾರೆ ಕಂಡದ್ದು ಜಟೆಯ ವಿಷಯದಲ್ಲಿ. ಕೂದಲು ಗಂಟುಗಟ್ಟಿ ಜಟೆಯಾದರೆ ಎಲ್ಲಮ್ಮ ಕರೆಯುತ್ತಿದ್ದಾಳೆ ಎಂದು ನಮ್ಮಲ್ಲಿ ನಂಬುತ್ತಾರೆ. ನಮ್ಮ ಪರಿಚಯದ ಮನೆಯೊಂದರಲ್ಲಿ ಹದಿಮೂರು ವಯಸ್ಸಿನ ಹುಡುಗಿಗೆ ಹಾಗಾಗಿತ್ತು. ಆರೋಗ್ಯ ಕಾರ್ಯಕರ್ತೆ ಬಂದು ಹೇಳಿದರು, ಮೇಷ್ಟ್ರು ಬಂದು ಹೇಳಿದರು, ಕಾನೂನಿನ ಹೆದರಿಕೆಯನ್ನೂ ಹಾಕಿದರು. ತಾಯಿ ಒಪ್ಪಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಬಂದಳು. ತಾನೇ ಮುತ್ತು ಕಟ್ಟಿಸಿಕೊಂಡಿದ್ದವಳು, ಮುಂಬೈ ಕಂಡು ಮರಳಿದವಳು. ಬಂದವಳು ವಾದ ಮಾಡಲಿಲ್ಲ. ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿ ಜಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಹಳ ಹೊತ್ತು ಬೆರಳಿನಿಂದ ನೆನೆಸಿದಳು. ಹಣೆಗೆ ಭಂಡಾರ ಹಚ್ಚಿದಳು. 'ಎಲ್ಲಮ್ಮ ತಾಯಿ, ನಿನಗೆ ಬೇಕಾಗಿದ್ದರೆ ನನ್ನನ್ನು ತೆಗೆದುಕೊಂಡಿದ್ದೀಯಲ್ಲ, ಅಷ್ಟು ಸಾಕು, ಇವಳನ್ನು ಬಿಡು. ದೋಷ ಬಂದರೆ ನನಗೆ ಬರಲಿ' ಎಂದು ಗಟ್ಟಿಯಾಗಿ ಹೇಳಿ ಕತ್ತರಿ ಹಾಕಿದಳು. ಆ ತಾಯಿ ಒಮ್ಮೆ ಅಜ್ಜಿಯ ಮುಖ ನೋಡಿ, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಆ ಹುಡುಗಿ ಈಗ ನರ್ಸಿಂಗ್ ಓದಿ ಮುಗಿಸಿದ್ದಾಳೆ.

ಆ ಅಜ್ಜಿಗೆ ಬೆನಿನ್ ಸಿಟಿಯ ಹೆಸರು ಗೊತ್ತಿರಲಿಲ್ಲ. ಆದರೆ ಓಬಾ ಅರಮನೆಯಲ್ಲಿ ನಿಂತು ಮಾಡಿದ್ದನ್ನೇ ಅವಳು ಕಟ್ಟೆಯ ಮೇಲೆ ಕುಳಿತು ಮಾಡಿದಳು. ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರು ತಾವೇ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಬಲವೂ ಇದೇ ಎಂದು ನಾನು ತಿಳಿದಿದ್ದೇನೆ. ಮುತ್ತು ಕಟ್ಟಿಸಿಕೊಂಡವಳೇ ಬಂದು 'ಬೇಡ' ಎಂದರೆ ಅದಕ್ಕೆ ಬೇರೆಯೇ ತೂಕ. ಅಥಣಿಯ ವಿಮೋಚನಾ ಸಂಘ ದೇವದಾಸಿಯರ ಮಕ್ಕಳಿಗೆ ಶಾಲೆ, ವಸತಿ ಮಾಡಿ ಆ ತಲೆಮಾರನ್ನು ದಲ್ಲಾಳಿಯ ಕೈಗೆ ಸಿಗದಂತೆ ತಡೆಯಿತು. ಕಾನೂನೂ ಬೇಕು, ಶಾಲೆಯೂ ಬೇಕು. ಆದರೆ ದೇವರ ಹೆಸರಿನಲ್ಲಿ ಬಿದ್ದ ಗಂಟು ಇಲಾಖೆಯ ಸುತ್ತೋಲೆಯಿಂದ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಗುಡ್ಡದ ಮೇಲೆ ಈಗ ದೇವದಾಸಿ ಪದ್ಧತಿ ಅಪರಾಧ ಎಂದು ಬರೆದ ಫಲಕಗಳಿವೆ. ಕಲಂ, ಶಿಕ್ಷೆ, ದಂಡ ಎಲ್ಲವೂ ಅದರಲ್ಲಿದೆ, ಓದು ಬಾರದ ತಾಯಿಯೊಬ್ಬಳು ಅದರ ಕೆಳಗೇ ಪಡ್ಡಲಗಿ, ಅಂದರೆ ದೇವಿಯ ಹೆಸರಿನ ಬುಟ್ಟಿ, ತುಂಬಿಸಿಕೊಂಡು ಕೂರುತ್ತಾಳೆ. ಅವಳಿಗೆ ಬೇಕಾಗಿರುವುದು ಬೇರೆ ಮಾತು. ಭಾರತ ಹುಣ್ಣಿಮೆಯ ದಿನ, ಲಕ್ಷಾಂತರ ಜನ ಸೇರಿದ ಹೊತ್ತಿನಲ್ಲಿ, ಎಲ್ಲಮ್ಮನ ಪೂಜಾರಿಗಳೇ ಮೈಕ್ ಹಿಡಿದು ಮೂರು ಮಾತು ಹೇಳಬೇಕು: ತಾಯಿ ಯಾರ ಮಗಳನ್ನೂ ಕೇಳಿಲ್ಲ, ಈವರೆಗೆ ಕಟ್ಟಿದ ಮುತ್ತುಗಳೆಲ್ಲ ಇಂದು ಬಿಟ್ಟುಹೋದವು, ಇನ್ನು ಮುಂದೆ ಕಟ್ಟುವವರಿಗೆ ತಾಯಿಯ ಶಾಪ. ಕಿರಿಯ ಗುಡಿಗಳ ಪೂಜಾರಿಗಳನ್ನೂ ಮನೆಯಲ್ಲೇ ಗುಟ್ಟಾಗಿ ಮುತ್ತು ಕಟ್ಟುವ ಹಿರಿಯ ಜೋಗತಿಯರನ್ನೂ ಅಂದು ಪಕ್ಕದಲ್ಲೇ ನಿಲ್ಲಿಸಿಕೊಳ್ಳಬೇಕು. ಅದೇ ಮಾತನ್ನು ಗಡಿಯಾಚೆಯ ಸಾಂಗಲಿ, ಕೊಲ್ಲಾಪುರದ ಕಡೆಯ ಗುಡಿಗಳಲ್ಲಿ ಮರಾಠಿಯಲ್ಲೂ ಹೇಳಿಸಬೇಕು, ಇಲ್ಲವಾದರೆ ಡೆಲ್ಟಾ ರಾಜ್ಯದಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಇದನ್ನು ದೇವಸ್ಥಾನದ ಆಡಳಿತದವರಿಗೆ ಪತ್ರ ಬರೆದು ಕೇಳಿಕೊಳ್ಳಲಿದ್ದೇನೆ. ಒಪ್ಪುವವರು ತಮ್ಮ ಸಹಿಯನ್ನೂ ಸೇರಿಸಿ, ಹುಣ್ಣಿಮೆಗೆ ಇನ್ನೂ ಸಮಯವಿದೆ.